ನಾಯಿಗೂ ಪಥ್ಯವೇ?

ರೋಗ ವಾಸಿಯಾಗಬೇಕಾದರೆ ಮದ್ದಿನಷ್ಟೇ ಪಥ್ಯವೂ ಮುಖ್ಯವೆಂಬುದನ್ನು ನಮ್ಮ ಹಿರಿಯರು ಬಹುಕಾಲದಿಂದ ಬಲ್ಲರು. ಬಾಣಂತಿಗೆ ಪಥ್ಯ, ಜ್ವರದಿಂದ ಎದ್ದವನಿಗೆ ಪಥ್ಯ, ಸಕ್ಕರೆ ರೋಗದವನಿಗೆ ಪಥ್ಯ. ಇದರಲ್ಲಿ ಯಾರಿಗೂ ಸೋಜಿಗವಿಲ್ಲ. ಆದರೆ ಅಂಗಳದಲ್ಲಿ ಮಲಗಿರುವ ನಾಯಿಗೆ ಪಥ್ಯ ಮಾಡಿಸಬೇಕೆಂದು ಹೇಳಿ ನೋಡಿ, ಕೇಳಿದವರು ಮೊದಲು ನಗುತ್ತಾರೆ. "ಎಂಜಲೆಲೆ ನೆಕ್ಕುವ ಪ್ರಾಣಿಗೆ ಪಥ್ಯವೇ?" ಎನ್ನುತ್ತಾರೆ. ನಾಯಿ ಏನನ್ನು ತಿಂದರೂ ಅರಗಿಸಿಕೊಳ್ಳುತ್ತದೆ ಎಂಬ ನಂಬಿಕೆ ನಮ್ಮಲ್ಲಿ ಅಷ್ಟು ಬೇರೂರಿದೆ. ಆ ನಂಬಿಕೆ ಪೂರ್ಣವಾಗಿ ನಿಜವಲ್ಲವೆಂಬುದನ್ನೂ, ಅದರ ಫಲವಾಗಿ ಎಷ್ಟೋ ಮೂಕಪ್ರಾಣಿಗಳು ವೃಥಾ ನರಳುತ್ತಿವೆಯೆಂಬುದನ್ನೂ ನಮ್ಮ ತರುಣ ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶ.

ನಾನು ವಾದಿಸಬೇಕೆಂದಿರುವುದು ಇಷ್ಟು. ಆಹಾರ ಒಗ್ಗದೆ ನರಳುವ ನಾಯಿಗೆ ಪಥ್ಯವೇ ರೋಗಪರೀಕ್ಷೆ, ಪಥ್ಯವೇ ಚಿಕಿತ್ಸೆ. ಅದಕ್ಕೆ ಹತ್ತಿರದ ದಾರಿ ಬೇರೆ ಇಲ್ಲ. ಅದನ್ನು ಮಾಡುವುದಾದರೆ ಮನೆಮಂದಿಯೆಲ್ಲ ಒಂದೇ ಮನಸ್ಸಿನಿಂದ ಮಾಡಬೇಕು. ಅರೆಮನಸ್ಸಿನ ಪಥ್ಯ ಪಥ್ಯವೇ ಇಲ್ಲದಿರುವುದಕ್ಕಿಂತ ಕೆಟ್ಟದ್ದು. ಏಕೆಂದರೆ ಅದು ನಮ್ಮನ್ನು ಸುಳ್ಳು ನಿರ್ಣಯಕ್ಕೆ ಒಯ್ಯುತ್ತದೆ.

ಮೊದಲು ಒಗ್ಗದಿಕೆಯೆಂದರೇನು ಎಂಬುದನ್ನು ನೋಡೋಣ. ಅಲರ್ಜಿ ಎಂದು ಈಗ ಎಲ್ಲರ ಬಾಯಲ್ಲಿಯೂ ಇರುವ ಶಬ್ದವನ್ನು 1906ರಲ್ಲಿ ರಚಿಸಿದವನು ವಿಯೆನ್ನಾದ ಮಕ್ಕಳ ವೈದ್ಯ ಕ್ಲೆಮೆನ್ಸ್ ಫಾನ್ ಪಿರ್ಕೆ. ಆದರೆ ಆ ವಿದ್ಯಮಾನದ ಅತ್ಯಂತ ಉಗ್ರ ರೂಪವನ್ನು ಅವನಿಗಿಂತ ಮುಂಚೆ ಜಗತ್ತಿಗೆ ತೋರಿಸಿಕೊಟ್ಟದ್ದು ಒಂದು ನಾಯಿ. ಫ್ರಾನ್ಸಿನ ಶಾರೀರಶಾಸ್ತ್ರಜ್ಞರಾದ ಷಾರ್ಲ್ ರಿಷೆ ಮತ್ತು ಪಾಲ್ ಪೋರ್ತಿಯೇ ಕಡಲಹೂವೆಂಬ ಸಮುದ್ರಪ್ರಾಣಿಯ ವಿಷವನ್ನು ನಾಯಿಗಳಿಗೆ ಚುಚ್ಚಿ ಪರೀಕ್ಷಿಸುತ್ತಿದ್ದರು. ನೆಪ್ಚೂನ್ ಎಂಬ ದೃಢಕಾಯದ ನಾಯಿಗೆ ಸ್ವಲ್ಪ ವಿಷವನ್ನು ಕೊಟ್ಟಾಗ ಅದಕ್ಕೆ ಏನೂ ಆಗಲಿಲ್ಲ. 22 ದಿನಗಳ ತರುವಾಯ ಅಷ್ಟೇ ಪ್ರಮಾಣವನ್ನು ಮತ್ತೆ ಚುಚ್ಚಿದರು. ಈಗ ಅದು ಇನ್ನೂ ಸುಲಭವಾಗಿ ತಡೆದುಕೊಳ್ಳಬೇಕೆಂದು ಯಾರಾದರೂ ಊಹಿಸುವರು. ಆದುದು ಬೇರೆ. ಕೆಲವೇ ಕ್ಷಣಗಳಲ್ಲಿ ಉಸಿರಾಟ ಕಟ್ಟಿ, ರಕ್ತ ಕಾರಿ, 25 ನಿಮಿಷಗಳಲ್ಲಿ ನಾಯಿ ಸತ್ತಿತು. ರಕ್ಷಿಸಬೇಕಾದ ವ್ಯವಸ್ಥೆಯೇ ಭಕ್ಷಿಸುವ ಈ ಸ್ಥಿತಿಯನ್ನು ಅವರು 1902ರಲ್ಲಿ ಪ್ರಕಟಿಸಿ ಅದಕ್ಕೆ ಅನಾಫಿಲಾಕ್ಸಿಸ್ ಎಂದು ಹೆಸರಿಟ್ಟರು. ಈ ಶೋಧಕ್ಕಾಗಿ ರಿಷೆಗೆ 1913ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ಒಗ್ಗದಿಕೆಯ ವಿಜ್ಞಾನ ನಾಯಿಗೆ ಎಷ್ಟು ಋಣಿಯಾಗಿದೆಯೆಂಬುದನ್ನು ಇದರಿಂದ ಊಹಿಸಬಹುದು. ಆ ಋಣವನ್ನು ಕಿಂಚಿತ್ತಾದರೂ ತೀರಿಸುವ ಕಾಲ ಈಗ ಬಂದಿದೆ.

ನೆಪ್ಚೂನನಿಗೆ ಆದಂತೆ ಪ್ರಾಣಾಪಾಯ ಆಹಾರದ ಒಗ್ಗದಿಕೆಯಲ್ಲಿ ನಾಯಿಗಳಿಗೆ ಆಗುವುದು ಅಪರೂಪ. ಆದರೆ ತತ್ತ್ವದಲ್ಲಿ ಎರಡಕ್ಕೂ ಹೋಲಿಕೆಯುಂಟು. ಶರೀರದ ರಕ್ಷಣಾ ವ್ಯವಸ್ಥೆಯು ರೋಗಾಣುಗಳನ್ನು ಶತ್ರುವೆಂದು ಗುರುತಿಸುವಂತೆಯೇ ಆಹಾರದಲ್ಲಿರುವ ಯಾವುದೋ ಒಂದು ಪ್ರೋಟೀನನ್ನು ತಪ್ಪಾಗಿ ಶತ್ರುವೆಂದು ಗುರುತಿಸುತ್ತದೆ. ಕೆಲವು ನಾಯಿಗಳಲ್ಲಿ ಆ ಪ್ರೋಟೀನಿಗೆ ಎದುರಾಗಿ ವಿಶಿಷ್ಟ ಪ್ರತಿಕಾಯಗಳು ಹುಟ್ಟುತ್ತವೆ. ಐಜಿಇ ಎಂಬ ಈ ವರ್ಗದ ಪ್ರತಿಕಾಯವನ್ನು 1966ರಲ್ಲಿ ಜಪಾನಿನ ಇಷಿಜಾಕಾ ದಂಪತಿಗಳು ಮನುಷ್ಯರಲ್ಲಿ ಕಂಡುಹಿಡಿದರು. ಬೇರೆ ಕೆಲವು ನಾಯಿಗಳಲ್ಲಿ ಪ್ರತಿಕಾಯಗಳಿಗಿಂತ ರಕ್ಷಕ ಜೀವಕಣಗಳೇ ನೇರವಾಗಿ ಕೆರಳುತ್ತವೆ. ದಾರಿ ಯಾವುದಾದರೂ ಪರಿಣಾಮ ಕಾಣಿಸಿಕೊಳ್ಳುವುದು ಬಹುಮಟ್ಟಿಗೆ ಚರ್ಮದಲ್ಲಿ. ಋತು ಯಾವುದಾದರೂ ಬಿಡದ ತುರಿಕೆ, ಪಾದಗಳನ್ನು ಸದಾ ನೆಕ್ಕುವುದು, ಮತ್ತೆ ಮತ್ತೆ ಸೋರುವ ಕಿವಿ, ಗುದದ ಸುತ್ತ ಕೆಂಪು, ಕೂದಲು ಉದುರಿ ದಪ್ಪಗೆ ಕಪ್ಪಾದ ಚರ್ಮ ಇವು ಮುಖ್ಯ ಲಕ್ಷಣಗಳು. ಕೆಲವಕ್ಕೆ ಇವುಗಳೊಡನೆ ವಾಂತಿಭೇದಿಗಳೂ ಉಂಟು.

ಇಲ್ಲಿ ಒಂದು ಎಚ್ಚರಿಕೆಯ ಮಾತು ಅಗತ್ಯ. ತುರಿಸಿಕೊಳ್ಳುವ ನಾಯಿಗಳೆಲ್ಲಕ್ಕೂ ಆಹಾರವೇ ಕಾರಣವೆಂದು ತಿಳಿಯಬಾರದು. ಚಿಗಟ, ಉಣ್ಣೆ, ಕಜ್ಜಿಯ ನುಸಿ, ಶಿಲೀಂಧ್ರ, ಗಾಳಿಯಲ್ಲಿ ತೇಲುವ ಪರಾಗ, ಮನೆಯ ದೂಳು, ಇವೆಲ್ಲವೂ ತುರಿಕೆಯನ್ನು ತರುತ್ತವೆ. ಪ್ರಕಟವಾದ ಅಧ್ಯಯನಗಳನ್ನು ಒಟ್ಟುಗೂಡಿಸಿ 2017ರಲ್ಲಿ ಮಾಡಿದ ಒಂದು ಸಮೀಕ್ಷೆಯ ಪ್ರಕಾರ, ಯಾವುದೇ ಕಾರಣಕ್ಕಾಗಿ ವೈದ್ಯರ ಬಳಿಗೆ ಬಂದ ನಾಯಿಗಳಲ್ಲಿ ಆಹಾರದ ಒಗ್ಗದಿಕೆಯುಳ್ಳವು 100ಕ್ಕೆ 1 ಅಥವಾ 2 ಮಾತ್ರ. ತುರಿಕೆಗಾಗಿಯೇ ಬಂದವುಗಳಲ್ಲಿ ಆ ಪ್ರಮಾಣ 100ಕ್ಕೆ 9ರಿಂದ 40ರವರೆಗೆ ಏರುತ್ತದೆ. ಆದ್ದರಿಂದ ಪಶುವೈದ್ಯರು ಮೊದಲು ಚರ್ಮವನ್ನು ಕೆರೆದು ನೋಡಿ, ಚಿಗಟಗಳನ್ನು ನಿವಾರಿಸಿ, ಆ ಮೇಲೆಯೂ ತುರಿಕೆ ನಿಲ್ಲದಿದ್ದರೆ ಆಹಾರದ ಕಡೆಗೆ ತಿರುಗುವುದು ಕ್ರಮವಾದ ಮಾರ್ಗ.

ಯಾವ ಆಹಾರ ದೋಷಿ? ಈ ಪ್ರಶ್ನೆಗೆ ದೊರೆಯುವ ಉತ್ತರ ನಮ್ಮ ಸಾಮಾನ್ಯ ತಿಳಿವಳಿಕೆಗೆ ವಿರುದ್ಧವಾಗಿದೆ. ಎಂದೂ ತಿನ್ನದ ಹೊಸ ಪದಾರ್ಥವೇ ಒಗ್ಗದೆ ಹೋಗುವುದೆಂದು ನಾವು ಭಾವಿಸುತ್ತೇವೆ. "ಹುಟ್ಟಿದಂದಿನಿಂದ ಇದನ್ನೇ ತಿನ್ನುತ್ತಿದೆ, ಇದರಿಂದ ಏನಾಗುತ್ತದೆ?" ಎನ್ನುತ್ತೇವೆ. ಆದರೆ ರಕ್ಷಣಾ ವ್ಯವಸ್ಥೆ ಒಂದು ಪದಾರ್ಥವನ್ನು ದ್ವೇಷಿಸಬೇಕಾದರೆ ಮೊದಲು ಅದರ ಪರಿಚಯವಾಗಿರಬೇಕು. ನೆಪ್ಚೂನ್ ಸತ್ತದ್ದು ಎರಡನೆಯ ಸಲದ ವಿಷಕ್ಕೆ ಎಂಬುದನ್ನು ನೆನೆಯಿರಿ. 2016ರಲ್ಲಿ ಪ್ರಕಟವಾದ ಇನ್ನೊಂದು ಸಮೀಕ್ಷೆಯಲ್ಲಿ, ಪಥ್ಯದಿಂದ ಕಾರಣ ಸಿದ್ಧವಾದ 297 ನಾಯಿಗಳ ಪೈಕಿ 100ಕ್ಕೆ 34ಕ್ಕೆ ದನದ ಮಾಂಸ, 17ಕ್ಕೆ ಹಾಲಿನ ಪದಾರ್ಥಗಳು, 15ಕ್ಕೆ ಕೋಳಿಮಾಂಸ, 13ಕ್ಕೆ ಗೋಧಿ, 5ಕ್ಕೆ ಕುರಿಮರಿಯ ಮಾಂಸ ಒಗ್ಗಿರಲಿಲ್ಲ. ಈ ಪಟ್ಟಿ ಬಹಳಮಟ್ಟಿಗೆ ಆ ನಾಯಿಗಳಿಗೆ ದಿನವೂ ಹಾಕುತ್ತಿದ್ದ ಆಹಾರಗಳ ಪಟ್ಟಿಯೇ ಆಗಿದೆ. ಹಾಗಾದರೆ ಹಾಲು ಅನ್ನ, ಮೊಸರನ್ನ, ಬಿಸ್ಕತ್ತು, ಬ್ರೆಡ್ಡು, ಕೋಳಿಯ ತುಣುಕುಗಳಿಂದ ಹೊಟ್ಟೆ ಹೊರೆಯುವ ನಮ್ಮ ಮನೆಗಳ ನಾಯಿಗಳಲ್ಲಿ ಮೊದಲು ಸಂಶಯಪಡಬೇಕಾದುದು ಇವುಗಳನ್ನೇ ಎಂದು ತರ್ಕಿಸುವುದು ಅಯುಕ್ತವಾಗಲಾರದು.

ರಕ್ತವನ್ನೋ ಕೂದಲನ್ನೋ ಜೊಲ್ಲನ್ನೋ ಪ್ರಯೋಗಶಾಲೆಗೆ ಕಳುಹಿಸಿ ಒಂದೇ ವಾರದಲ್ಲಿ ಉತ್ತರ ಪಡೆಯಬಾರದೇ ಎಂದು ವಾಚಕರು ಕೇಳಬಹುದು. ಅಂಥ ಪರೀಕ್ಷೆಗಳನ್ನು ಮಾರುವವರು ಇದ್ದಾರೆ. ಅಚ್ಚುಕಟ್ಟಾದ ವರದಿಯನ್ನೂ ಕಳುಹಿಸುತ್ತಾರೆ. ಆದರೆ ಕೂದಲು ಜೊಲ್ಲುಗಳ ಪರೀಕ್ಷೆಯನ್ನೇ ಪರೀಕ್ಷಿಸಿದ ಒಂದು ಅಧ್ಯಯನ 2019ರಲ್ಲಿ ಪ್ರಕಟವಾಯಿತು. ಅದರಲ್ಲಿ ನಿಜವಾದ ನಾಯಿಗಳ ಮಾದರಿಗಳೊಡನೆ ಕೃತಕ ಕೂದಲನ್ನೂ ಕಳುಹಿಸಲಾಗಿತ್ತು. ಎಂದೂ ಉಸಿರಾಡದ, ಎಂದೂ ಉಣ್ಣದ ಆ ಕೂದಲಿಗೂ ಹಲವು ಪದಾರ್ಥಗಳು ಒಗ್ಗುವುದಿಲ್ಲವೆಂದು ವರದಿ ಬಂದಿತು! ರಕ್ತಪರೀಕ್ಷೆ ಇಷ್ಟು ಹಾಸ್ಯಾಸ್ಪದವಲ್ಲವಾದರೂ, ಆಹಾರದ ವಿಷಯದಲ್ಲಿ ಅದೊಂದನ್ನೇ ನಂಬಿ ನಿರ್ಣಯಿಸಲಾಗದೆಂಬುದು ಚರ್ಮರೋಗ ತಜ್ಞರ ಸಾಮಾನ್ಯಾಭಿಪ್ರಾಯ.

ಉಳಿದದ್ದು ಪಥ್ಯ. ಇದರ ಕ್ರಮ ಸರಳವಾದುದು. ನಾಯಿ ಇದುವರೆಗೆ ತಿನ್ನದ ಒಂದು ಪ್ರೋಟೀನು, ತಿನ್ನದ ಒಂದು ಪಿಷ್ಟಪದಾರ್ಥ, ಇವೆರಡನ್ನು ಮಾತ್ರ ವೈದ್ಯರ ಸಲಹೆಯಂತೆ ಆರಿಸಿ ಎಂಟು ವಾರ ಕೊಡಬೇಕು. ಇಲ್ಲವಾದರೆ ಪ್ರೋಟೀನನ್ನು ಕಿಣ್ವಗಳಿಂದ ಸಣ್ಣ ಸಣ್ಣ ಚೂರುಗಳಾಗಿ ಸೀಳಿ ತಯಾರಿಸಿದ ಆಹಾರವನ್ನು ಕೊಡಬಹುದು. ಚೂರುಗಳು ಅಷ್ಟು ಸಣ್ಣವಾದಾಗ ರಕ್ಷಣಾ ವ್ಯವಸ್ಥೆಗೆ ತನ್ನ ಹಳೆಯ ಶತ್ರುವಿನ ಗುರುತು ಸಿಕ್ಕುವುದು ಕಷ್ಟ. ನಿಜವಾಗಿ ಆಹಾರವೇ ಕಾರಣವಾಗಿದ್ದ ನಾಯಿಗಳಲ್ಲಿ 100ಕ್ಕೆ 80ಕ್ಕಿಂತ ಹೆಚ್ಚಿನವು ಐದು ವಾರಗಳೊಳಗೂ 90ಕ್ಕಿಂತ ಹೆಚ್ಚಿನವು ಎಂಟು ವಾರಗಳೊಳಗೂ ಗುಣ ಹೊಂದಿದುವೆಂದು 2015ರಲ್ಲಿ ಪ್ರಕಟವಾದ ಲೆಕ್ಕಗಳು ತಿಳಿಸುತ್ತವೆ. ಎರಡು ವಾರ ನೋಡಿ ಕೈಬಿಡುವವರು ಈ ಅಂಕಿಗಳನ್ನು ಗಮನಿಸಬೇಕು. ಗುಣವಾದ ಮೇಲೆ ಹಳೆಯ ಆಹಾರಗಳನ್ನು ಒಂದೊಂದಾಗಿ ಮತ್ತೆ ಕೊಟ್ಟು, ಪ್ರತಿಯೊಂದಕ್ಕೂ ಎರಡು ವಾರ ಕಾಯಬೇಕು. ಯಾವುದರಿಂದ ತುರಿಕೆ ಮರುಕಳಿಸುವುದೋ ಅದೇ ಅಪರಾಧಿ.

ಹೇಳುವುದಕ್ಕೆ ಇಷ್ಟು ಸರಳವಾದುದು ಮಾಡುವುದಕ್ಕೆ ಎಷ್ಟು ಕಠಿಣವೆಂಬುದು ನನಗೆ ಸ್ವಾನುಭವದಿಂದ ತಿಳಿಯಿತು. ನಮ್ಮ ಮನೆಯ ಮೋತಿ ಒಂದೂವರೆ ತಿಂಗಳ ಮರಿಯಾಗಿ ಬೀದಿಯಿಂದ ಬಂದ ನಾಡನಾಯಿ. ನಾವು ಸಸ್ಯಾಹಾರಿಗಳಾದ್ದರಿಂದ ಅದೂ ಹಾಲು ಅನ್ನ, ಮೊಸರನ್ನ, ಚಪಾತಿಗಳಲ್ಲೇ ಬೆಳೆಯಿತು. ಎರಡನೆಯ ವರ್ಷ ಪಾದ ನೆಕ್ಕತೊಡಗಿತು. ಕಿವಿ ಸೋರಿ ನಾರಿತು. ಹೊಟ್ಟೆಯ ಕೆಳಗೆ ಕೂದಲು ಉದುರಿತು. ಬೇವಿನೆಣ್ಣೆ ಹಚ್ಚಿದೆವು, ಅರಿಸಿನ ಬಳಿದೆವು. ಚುಚ್ಚುಮದ್ದು ಹಾಕಿಸಿದಾಗ ಹದಿನೈದು ದಿನ ನೆಮ್ಮದಿ, ಅನಂತರ ಯಥಾಪ್ರಕಾರ. ಬೀದಿಯ ಹುಡುಗರು ಕಜ್ಜಿನಾಯಿ ಎಂದು ಕಲ್ಲೆಸೆದರು. ಮಕ್ಕಳಿಗೆ ಅಂಟೀತು, ದೂರದ ಸಂತೆಯಲ್ಲಿ ಬಿಟ್ಟುಬನ್ನಿ ಎಂದು ಹಿತೈಷಿಗಳು ಹೇಳಿದರು. ಆಹಾರದ ಒಗ್ಗದಿಕೆ ಅಂಟುವ ರೋಗವಲ್ಲವೆಂಬುದು ಅವರಿಗೆ ತಿಳಿಯದು. ನಿಜ ಹೇಳಬೇಕಾದರೆ ಆಗ ನನಗೂ ತಿಳಿಯದು. ಬಿಟ್ಟುಬರುವ ದಿನವನ್ನೂ ನಾನು ಗೊತ್ತುಮಾಡಿಕೊಂಡಿದ್ದೆ.

ಅಷ್ಟರಲ್ಲಿ ಒಬ್ಬ ಪಶುವೈದ್ಯರು ಬೇರೆ ಕಾರಣಗಳನ್ನೆಲ್ಲ ಪರೀಕ್ಷಿಸಿ ತಳ್ಳಿಹಾಕಿ, ಮೀನು ಮತ್ತು ಗೆಣಸಿನ ಪಥ್ಯವನ್ನು ವಿಧಿಸಿದರು. ಉಪ್ಪಿಲ್ಲ, ಮಸಾಲೆಯಿಲ್ಲ, ನಾಯಿಗೆ ವಿಷವಾದ ಈರುಳ್ಳಿ ಬೆಳ್ಳುಳ್ಳಿಗಳಂತೂ ಕೂಡವೇ ಕೂಡದು. ಮೀನು ಕಾಣದ ಮನೆಯಲ್ಲಿ ಮೀನು ಬೇಯಿಸುವುದು ಹೇಗೆ? ಹಿತ್ತಲಲ್ಲಿ ಬೇರೆ ಒಲೆ ಹೂಡಿದೆವು. ನಮ್ಮೊಡನಿದ್ದ ವೃದ್ಧೆಯಾದ ನನ್ನ ಸೋದರತ್ತೆ ಮುಖ ತಿರುಗಿಸಿಕೊಂಡಾದರೂ ಅದಕ್ಕೆ ಒಪ್ಪಿದರು. ಕಾಲೇಜಿನಲ್ಲಿ ಓದುತ್ತಿದ್ದ ಮಗಳು ಒಂದು ನೋಟುಪುಸ್ತಕದಲ್ಲಿ ದಿನವೂ ತುರಿಕೆಯ ಲೆಕ್ಕ ಬರೆಯತೊಡಗಿದಳು.

ನಾಲ್ಕು ವಾರವಾದರೂ ಲೆಕ್ಕ ಇಳಿಯಲಿಲ್ಲ. ಆಹಾರ ಕಾರಣವಲ್ಲವೆಂದು ನಾನು ತೀರ್ಮಾನಿಸಿಯೇಬಿಟ್ಟಿದ್ದೆ. ಮಗಳು ಮಾತ್ರ ಪುಸ್ತಕ ನೋಡಿ, ತುರಿಕೆ ಏಕಾದಶಿಯ ಮರುದಿನ ಎರಡು ಸಲವೂ ತುಸು ಕಡಮೆಯಿದೆಯೆಂದಳು. ಏಕಾದಶಿಯಂದು ಅತ್ತೆ ಊಟ ಮಾಡುವುದಿಲ್ಲ. ಉಳಿದ ದಿನಗಳಲ್ಲಿ ತಾವು ಉಣ್ಣುವ ಮುನ್ನ ಒಂದು ತುತ್ತು ಮೊಸರನ್ನವನ್ನು ಮೋತಿಗೆ ಇಡುವುದು ಅವರ ಹಳೆಯ ಪದ್ಧತಿ.

"ಅತ್ತೆ, ಆ ತುತ್ತನ್ನು ನಿಲ್ಲಿಸಬೇಕಲ್ಲ" ಎಂದೆ.

"ಹಿತ್ತಲಲ್ಲಿ ಮೀನು ಬೇಯಿಸುವುದಕ್ಕೂ ಒಪ್ಪಿದೆನಲ್ಲಪ್ಪಾ. ನಾಯಿಗೆ ಒಂದು ತುತ್ತು ಇಡದೆ ನಾನು ಇಷ್ಟು ವರ್ಷದಲ್ಲಿ ಉಂಡವಳಲ್ಲ. ಒಂದು ತುತ್ತಿನಿಂದ ಏನಾಗುತ್ತದೆ?"

ಒಂದು ತುತ್ತಿನಿಂದ ಏನಾಗುತ್ತದೆ! ಪಥ್ಯಗಳನ್ನು ಕೆಡಿಸುವ ಮಾತು ಇದೇ. ರಕ್ಷಣಾ ವ್ಯವಸ್ಥೆಗೆ ಶತ್ರುವಿನ ಸುಳಿವು ಸಿಕ್ಕಿದರೆ ಸಾಕು. ಅದು ತೂಕ ಹಾಕಿ ನೋಡುವುದಿಲ್ಲ. ನಾನು ಇದನ್ನು ವಿವರಿಸಹೋಗಿ ಸೋತೆ. ಗೆದ್ದವಳು ಮಗಳು. "ಅಜ್ಜಿ, ತುತ್ತು ನಿಮ್ಮ ಕೈಯಿಂದಲೇ ಇಡಿ. ಮೊಸರನ್ನದ ಬದಲು ಬೆಂದ ಗೆಣಸು ಇಡಿ" ಎಂದಳು. ಅತ್ತೆ ಸ್ವಲ್ಪ ಹೊತ್ತು ಯೋಚಿಸಿ ಒಪ್ಪಿಕೊಂಡರು. ವಾರಗಳ ಎಣಿಕೆಯನ್ನು ಮೊದಲಿನಿಂದ ಆರಂಭಿಸಿದೆವು. ಆರನೆಯ ವಾರಕ್ಕೆ ಕಿವಿ ಒಣಗಿತು. ಎಂಟನೆಯ ವಾರಕ್ಕೆ ಹೊಟ್ಟೆಯ ಮೇಲೆ ಹೊಸ ಕೂದಲು ಕಾಣಿಸಿತು.

ಇನ್ನು ಹಾಲನ್ನು ಮತ್ತೆ ಕೊಟ್ಟು ನೋಡಬೇಕೆಂದಾಗ ಎಲ್ಲರಿಗಿಂತ ಹೆಚ್ಚಾಗಿ ವಿರೋಧಿಸಿದವರು ಅತ್ತೆಯೇ. "ಗುಣವಾದ ಪ್ರಾಣಿಯನ್ನು ಬೇಕೆಂದೇ ಕೆಡಿಸುವುದುಂಟೇ?" ಎಂದು ಕೇಳಿದರು. ಪ್ರಶ್ನೆ ನ್ಯಾಯವಾದುದೇ. ಆದರೆ ಮರುಪರೀಕ್ಷೆಯಿಲ್ಲದೆ ಪಥ್ಯದ ಪ್ರಯೋಗ ಪೂರ್ಣವಾಗುವುದಿಲ್ಲ. ನಾಯಿ ಗುಣವಾದದ್ದು ಪಥ್ಯದಿಂದಲೋ, ಋತು ಬದಲಾದದ್ದರಿಂದಲೋ, ಚಿಗಟ ಹೋದದ್ದರಿಂದಲೋ ಎಂಬುದು ಆಗಲೇ ತಿಳಿಯುವುದು. ಅಲ್ಲದೆ ಮರುಪರೀಕ್ಷೆ ನಾಯಿಗೆ ಸ್ವಾತಂತ್ರ್ಯವನ್ನೂ ಕೊಡುತ್ತದೆ. ಹಾಲು ಕೊಟ್ಟ ಮೂರನೆಯ ದಿನ ಮೋತಿ ಪಾದ ನೆಕ್ಕತೊಡಗಿತು, ನಿಲ್ಲಿಸಿದೆವು, ಶಮನವಾಯಿತು. ಗೋಧಿ ಕೊಟ್ಟು ಎರಡು ವಾರ ಕಾದೆವು, ಏನೂ ಆಗಲಿಲ್ಲ. ಅನ್ನ, ಬೇಳೆ, ಮೊಟ್ಟೆಗಳೂ ಹೀಗೆಯೇ ಒಂದೊಂದಾಗಿ ನಿರ್ದೋಷಿಗಳೆಂದು ತೀರ್ಮಾನವಾದುವು. ಮರುಪರೀಕ್ಷೆ ಮಾಡದಿದ್ದಲ್ಲಿ ಅದು ಬದುಕಿರುವ ತನಕ ಮೀನು ಗೆಣಸುಗಳಿಗೇ ಕಟ್ಟುಬೀಳಬೇಕಾಗುತ್ತಿತ್ತು. ಈಗ ಅದು ಬಿಡಬೇಕಾದದ್ದು ಹಾಲು, ಮೊಸರು, ಬೆಣ್ಣೆ, ತುಪ್ಪ ಮತ್ತು ಇವು ಸೇರಿದ ತಿನಿಸುಗಳನ್ನು ಮಾತ್ರ.

ಇಷ್ಟು ತೊಂದರೆ ಏಕೆ, ತುರಿಕೆ ನಿಲ್ಲಿಸುವ ಮದ್ದುಗಳಿವೆಯಲ್ಲ ಎಂದು ಆಕ್ಷೇಪಿಸುವವರುಂಟು. ಮದ್ದುಗಳನ್ನು ನಾನು ಹೀಗಳೆಯುವುದಿಲ್ಲ. ತುರಿಕೆಯಿಂದ ನಿದ್ರೆಗೆಟ್ಟ ಪ್ರಾಣಿಗೆ ಪಥ್ಯದ ಮೊದಲ ವಾರಗಳಲ್ಲಿ ಅವು ಬೇಕಾಗಬಹುದು. ಆದರೆ ಸ್ಟೀರಾಯ್ಡುಗಳನ್ನು ವರ್ಷಗಟ್ಟಲೆ ಕೊಟ್ಟರೆ ಅತಿಯಾದ ಬಾಯಾರಿಕೆ, ಬೊಜ್ಜು, ತೆಳುವಾದ ಚರ್ಮ, ಕೆಲವೊಮ್ಮೆ ಸಕ್ಕರೆ ರೋಗ, ಇವು ಹಿಂಬಾಲಿಸುತ್ತವೆ. ಕಾರಣವನ್ನು ದಿನವೂ ತಟ್ಟೆಯಲ್ಲಿ ಬಡಿಸುತ್ತ, ಪರಿಣಾಮವನ್ನು ದಿನವೂ ಮದ್ದಿನಿಂದ ಅಡಗಿಸುವುದು ಜಾಣತನವಲ್ಲ.

ನಾಯಿ ತೋಳನ ವಂಶದ್ದು, ಧಾನ್ಯವೇ ಅದಕ್ಕೆ ಸಲ್ಲದು, ಧಾನ್ಯ ಬಿಡಿಸಿದರೆ ಎಲ್ಲವೂ ಸರಿಹೋಗುತ್ತದೆ ಎಂಬ ಇನ್ನೊಂದು ವಾದ ಈಚೆಗೆ ಹಬ್ಬಿದೆ. ಇದೂ ಪರೀಕ್ಷೆಗೆ ನಿಲ್ಲುವುದಿಲ್ಲ. ಪಿಷ್ಟವನ್ನು ಒಡೆಯುವ ಕಿಣ್ವದ ಜೀನು ತೋಳನಲ್ಲಿ ಎರಡೇ ಪ್ರತಿಗಳಿದ್ದರೆ ನಾಯಿಗಳಲ್ಲಿ ಅನೇಕ ಪ್ರತಿಗಳಿವೆಯೆಂದು 2013ರಲ್ಲಿ ಸ್ವೀಡನ್ನಿನ ವಿಜ್ಞಾನಿಗಳ ತಂಡ ತೋರಿಸಿತು. ಮನುಷ್ಯನ ಒಕ್ಕಲುತನದೊಡನೆ ಬಾಳಿದ ಗುರುತು ಅದು. ಮೇಲಿನ ಪಟ್ಟಿಯಲ್ಲಿ ಗೋಧಿಗಿಂತ ಮಾಂಸ ಮತ್ತು ಹಾಲುಗಳೇ ಮುಂದಿವೆಯೆಂಬುದನ್ನೂ ಮರೆಯಬಾರದು. ಕಾರಣವನ್ನು ಪರೀಕ್ಷಿಸದೆ ಫ್ಯಾಷನ್ನಿಗಾಗಿ ಬಿಡುವ ಆಹಾರ ಪಥ್ಯವೆನಿಸುವುದಿಲ್ಲ.

ಹಾಗೆಂದು ಮನೆಯ ಅಡುಗೆಯೇ ಸರ್ವಶ್ರೇಷ್ಠವೆಂದೂ ಹೇಳಲಾರೆ. ಎಲುಬಿಲ್ಲದ ಮಾಂಸ, ಅನ್ನ, ಗೆಣಸುಗಳಲ್ಲಿ ಸುಣ್ಣದ ಅಂಶ ನಾಯಿಗೆ ಸಾಲದು. ಬೆಳೆದ ನಾಯಿ ಎಂಟು ವಾರ ಇದನ್ನು ತಾಳಿಕೊಂಡೀತು. ಬೆಳೆಯುವ ಮರಿಯಲ್ಲಿ ಎಲುಬುಗಳೇ ಮೆತ್ತಗಾಗಿ ಬಾಗುತ್ತವೆ. ಆದ್ದರಿಂದ ಬಹುಕಾಲದ ಆಹಾರವನ್ನು ಗೊತ್ತುಪಡಿಸುವಾಗ ವೈದ್ಯರ ಸಲಹೆ ಅನಿವಾರ್ಯ. ಅಂಗಡಿಯಲ್ಲಿ ಕೊಳ್ಳುವ ಆಹಾರದಲ್ಲಿಯೂ ಎಚ್ಚರ ಬೇಕು. ಚೀಟಿಯಲ್ಲಿ ಹೆಸರಿಸದ ಪ್ರೋಟೀನುಗಳು ಪೊಟ್ಟಣದೊಳಗೆ ಬೆರೆತಿರುವುದನ್ನು ಹಲವು ಪರೀಕ್ಷೆಗಳು ತೋರಿಸಿವೆ. ಮನುಷ್ಯರ ಆಹಾರದ ಚೀಟಿಯಲ್ಲಿ ನಾವು ಸತ್ಯವನ್ನು ಅಪೇಕ್ಷಿಸುವಂತೆ ನಾಯಿಯ ಆಹಾರದ ಚೀಟಿಯಲ್ಲಿಯೂ ಅಪೇಕ್ಷಿಸಬೇಕು. ಮಾತಾಡಲಾರದ ಪ್ರಾಣಿಯ ಪರವಾಗಿ ಚೀಟಿಯೊಂದೇ ಮಾತಾಡಬಲ್ಲುದು.

ವಿದ್ಯಾರ್ಥಿಗಳಾದ ವಾಚಕರಿಗೆ ಕೊನೆಯದಾಗಿ ಒಂದು ಮಾತು. ಶಾಲೆಯಲ್ಲಿ ನೀವು ಪ್ರಯೋಗದ ಕ್ರಮವನ್ನು ಕಲಿಯುತ್ತೀರಿ. ಒಂದು ಸಲಕ್ಕೆ ಒಂದೇ ಅಂಶವನ್ನು ಬದಲಿಸಬೇಕು, ಕಂಡದ್ದನ್ನು ಕಂಡಂತೆ ಬರೆದಿಡಬೇಕು, ಫಲವನ್ನು ಮತ್ತೆ ಪರೀಕ್ಷಿಸಬೇಕು ಎಂದು ಓದುತ್ತೀರಿ. ನಾಯಿಯ ಪಥ್ಯದಲ್ಲಿ ಈ ಮೂರೂ ಬೇಕು. ಗಾಜಿನ ನಳಿಕೆಗಳಾಗಲಿ ದೀಪವಾಗಲಿ ಬೇಡ. ನಿಮ್ಮ ಮನೆಯಲ್ಲಿಯೋ ಬೀದಿಯಲ್ಲಿಯೋ ವರ್ಷವಿಡೀ ತುರಿಸಿಕೊಳ್ಳುವ ನಾಯಿಯಿದ್ದರೆ ಹಿರಿಯರಿಗೆ ಹೇಳಿ ಪಶುವೈದ್ಯರಿಗೆ ತೋರಿಸಿರಿ. ಅವರು ಪಥ್ಯ ವಿಧಿಸಿದರೆ ಲೆಕ್ಕದ ಪುಸ್ತಕವನ್ನು ನೀವು ವಹಿಸಿಕೊಳ್ಳಿರಿ. ಮನೆಯವರಿಗೆಲ್ಲ ಕಾರಣವನ್ನು ತಿಳಿಸಿರಿ. ಹಿರಿಯರ ಪ್ರೀತಿಯನ್ನು ಮುರಿಯದೆ ಅದಕ್ಕೆ ಬೇರೆ ದಾರಿ ತೋರಿಸಿರಿ. ಕಜ್ಜಿನಾಯಿಯೆಂದು ಕಲ್ಲೆತ್ತುವ ಗೆಳೆಯನ ಕೈಯನ್ನು ಹಿಡಿದು ನಿಲ್ಲಿಸಿರಿ.

ಮೋತಿ ಈಗಲೂ ನಮ್ಮ ಅಂಗಳದಲ್ಲಿದೆ. ಅತ್ತೆ ಊಟಕ್ಕೆ ಕುಳಿತುಕೊಳ್ಳುವ ಮುನ್ನ ಅದು ಬಾಗಿಲ ಬಳಿ ಬಂದು ನಿಲ್ಲುತ್ತದೆ, ಅವರು ಒಂದು ತುಂಡು ಗೆಣಸನ್ನು ಇಡುತ್ತಾರೆ. ಅದನ್ನು ಸಂತೆಯಲ್ಲಿ ಬಿಟ್ಟುಬರಲು ನಾನು ಗೊತ್ತುಮಾಡಿಕೊಂಡಿದ್ದ ದಿನವನ್ನು ನೆನೆದಾಗ ನನಗೆ ನಾಚಿಕೆಯಾಗುತ್ತದೆ.